‘ಬರ್ತೀನಿ’ ಅಂದ ಮೇಲೆ

ಮೊನ್ನೆ ಗ್ಯಾಸ್ ಒಲೆ ರಿಪೇರಿಗೆಂದು ಒಬ್ಬ ಮೆಕ್ಯಾನಿಕ್ ಬಂದಿದ್ದ. ಒಲೆಯನ್ನು ಬೋರಲು ಹಾಕಿ, ಬಿಚ್ಚಿ, ಒಳಗೆ ಇಣುಕಿ, ಯಾವುದೋ ವಾಷರ್ ಸವೆದಿದೆ ಎಂದು ತೀರ್ಪು ಕೊಟ್ಟ. ಬಿಚ್ಚಿದ್ದನ್ನು ಬಿಚ್ಚಿದ ಹಾಗೇ ಬಿಟ್ಟು, ಚೀಲ ಹೆಗಲಿಗೇರಿಸಿ, “ಬರ್ತೀನಿ ಸರ್” ಎಂದ. “ಯಾವಾಗ?” ಎಂದೆ. ಅವನು ಬಾಗಿಲಲ್ಲೇ ನಿಂತು ನನ್ನ ಮುಖ ನೋಡಿದ. ಪಾಪ, ಅವನು ಹೇಳಿದ್ದು ಹೋಗುತ್ತೇನೆ ಎಂದು. ನಾನು ಕಣ್ಣು ತೆಗೆಯದೆ ನೋಡುತ್ತಲೇ ಇದ್ದುದರಿಂದ ಹೆದರಿ, “ಭಾನುವಾರ ಸರ್” ಎಂದು ಒಂದು ದಿನ ಹೇಳಿ ತಪ್ಪಿಸಿಕೊಂಡ. ಒಳಗಿನಿಂದ ನನ್ನ ಹೆಂಡತಿ ಶಾಂತಾ, “ಯಾರು, ಅಪ್ಪ ಬಂದಿದ್ರೇನು?” ಎಂದು ನನ್ನ ‘ಯಾವಾಗ’ ಕೇಳಿ ನಗುತ್ತ ಕೂಗಿದಳು. ಅವಳ ಅಪ್ಪ ತೀರಿಕೊಂಡು ಐವತ್ತು ವರ್ಷದ ಮೇಲಾಯಿತು.

ನಿಮಗೆ ಗೊತ್ತಿರುವುದೇ. ನಮ್ಮಲ್ಲಿ ಯಾರ ಮನೆಯಿಂದ ಎದ್ದರೂ ‘ಹೋಗ್ತೀನಿ’ ಅನ್ನಬಾರದು, ‘ಬರ್ತೀನಿ’ ಅನ್ನಬೇಕು. ಇನ್ನೊಮ್ಮೆ ಈ ಹೊಸಿಲು ತುಳಿದರೆ ಕೇಳು ಎಂದು ಮನಸ್ಸಿನಲ್ಲೇ ಪ್ರತಿಜ್ಞೆ ಮಾಡಿ ಎದ್ದವನೂ ‘ಬರ್ತೀನಿ’ ಎನ್ನುತ್ತಲೇ ಚಪ್ಪಲಿ ಮೆಟ್ಟುತ್ತಾನೆ. ಇದನ್ನು ಯಾರೂ ಸುಳ್ಳು ಎನ್ನುವುದಿಲ್ಲ. ನಾನು ಕಂಡಂತೆ ಸುಳ್ಳು ಎಂದವರು ಒಬ್ಬರೇ, ನನ್ನ ಮಾವ ದೇವದಾನಪ್ಪ.

ಮಾವ ದಾವಣಗೆರೆಯ ಒಂದು ಹತ್ತಿ ಗಿರಣಿಯಲ್ಲಿ ಮೇಸ್ತ್ರಿ. ಮನೆ ನಿಟ್ಟುವಳ್ಳಿ ಕಡೆ. ಎತ್ತರದ ಆಳು, ಹುಬ್ಬಿನ ಮೇಲೆ ಸದಾ ಹತ್ತಿಯ ಧೂಳು. ಗಿರಣಿಯಿಂದ ಮುದುಕರಾಗಿ ಬಂದು, ಬಚ್ಚಲಲ್ಲಿ ಮುಖ ತೊಳೆದು, ಮಧ್ಯವಯಸ್ಕರಾಗಿ ಊಟಕ್ಕೆ ಕೂರುತ್ತಿದ್ದರು. ನಮ್ಮ ಸಭೆಯ ಹಿರಿಯರಲ್ಲಿ ಒಬ್ಬರು. ಹೌದು ಅಂದರೆ ಹೌದಾಗಿರಬೇಕು, ಅಲ್ಲ ಅಂದರೆ ಅಲ್ಲವಾಗಿರಬೇಕು ಎಂದು ಯೇಸುಸ್ವಾಮಿ ಹೇಳಿದ್ದನ್ನು ನಾವೆಲ್ಲ ಚರ್ಚಿನಲ್ಲಿ ಕೇಳಿ, ಚರ್ಚಿನಲ್ಲೇ ಭದ್ರವಾಗಿ ಬಿಟ್ಟು ಬರುತ್ತಿದ್ದೆವು. ಮಾವ ಅದನ್ನು ಮನೆಗೆ ತಂದಿದ್ದರು. ಬರುವುದು ಗೊತ್ತಿಲ್ಲದ ಮೇಲೆ ‘ಬರ್ತೀನಿ’ ಅನ್ನುವುದು ಹೇಗೆ? ಆದ್ದರಿಂದ ‘ಹೋಗ್ತೀನಿ’ ಎನ್ನುತ್ತಿದ್ದರು. ಓಣಿಯ ಹಿರಿಯರೊಬ್ಬರು ಜ್ವರದಲ್ಲಿ ಮಲಗಿದ್ದಾಗ ನೋಡಲು ಹೋಗಿ, ಕಿತ್ತಳೆ ಇಟ್ಟು, ಪ್ರಾರ್ಥನೆ ಮಾಡಿ, “ಹೋಗ್ತೀನ್ರಿ” ಎಂದರಂತೆ. ಮಲಗಿದ್ದವರು ಎದ್ದು ಕೂತರಂತೆ. “ನೀವು ಹೋಗ್ರಿ ಮೇಸ್ತ್ರಿ, ನಾನು ಇನ್ನೂ ಸ್ವಲ್ಪ ದಿನ ಇರ್ತೀನಿ” ಎಂದವರು ಆ ವಾರವೇ ಗುಣವಾದರಂತೆ.

ನನ್ನ ಮದುವೆಯೂ ಈ ಒಂದು ಮಾತಿನಿಂದ ಮುರಿದು ಬೀಳುವುದರಲ್ಲಿತ್ತು. ಚಿತ್ರದುರ್ಗದ ನಮ್ಮ ಮನೆಗೆ ಮಾವ ಹುಡುಗನನ್ನು ನೋಡಲು ಬಂದಿದ್ದರು. ಹುಡುಗ ಎಂದರೆ ನಾನೇ. ಆಗ ತಾನೇ ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರಾಗಿದ್ದೆ. ತಲೆಗೆ ಎಣ್ಣೆ ಹಚ್ಚಿ, ಗೋಡೆಗೆ ತಾಗದ ಹಾಗೆ ಕೂತಿದ್ದೆ. ಬೀಡಿ ಸೇದುತ್ತೀರಾ ಎಂದು ನನ್ನನ್ನೇ ಕೇಳಿದರು. ಇಲ್ಲ ಎಂದೆ. ನಂಬಿದರು. ಕಾಫಿ ಕುಡಿದು, “ಹೋಗ್ತೀನ್ರಿ” ಎಂದು ನಡೆದೇಬಿಟ್ಟರು. ನಮ್ಮಮ್ಮ ಆ ಸಂಜೆ ಒಲೆ ಹಚ್ಚಲಿಲ್ಲ. “ಬಾಯಿಮಾತಿಗಾದ್ರೂ ಬರ್ತೀನಿ ಅನ್ನಾಕ ಮನಸಾಗಲಿಲ್ಲ ಆ ಮನುಷ್ಯಗೆ” ಎಂದು ಅತ್ತು, ಮರುದಿನವೇ ಹಿರಿಯೂರಿನ ಕಡೆಯ ಇನ್ನೊಂದು ಹುಡುಗಿಯ ವಿಚಾರ ತೆಗೆದಳು. ಅತ್ತ ಮಾವ ಮದುವೆಯ ಸಿದ್ಧತೆ ಶುರು ಮಾಡಿದ್ದರು. ಕಾಫಿ ಕುಡಿಯುತ್ತ ಅವರು “ಆಗಬಹುದು” ಎಂದಿದ್ದು ನಿಜ. ನಾವು ಅದನ್ನು ಕಾಫಿಗೆ ಅಂದುಕೊಂಡಿದ್ದೆವು.

ಮದುವೆಯಾದ ವರ್ಷವೇ ನನಗೆ ದಾವಣಗೆರೆಗೆ ವರ್ಗವಾಯಿತು. ಮಾವನ ಹಿಂದಿನ ಓಣಿಯಲ್ಲೇ ಬಾಡಿಗೆ ಮನೆ. ಆದಿತ್ಯವಾರ ಆರಾಧನೆ ಮುಗಿಸಿ ಮಾವನ ಮನೆಯಲ್ಲಿ ಕೋಳಿ ಸಾರಿನ ಊಟ. ಅತ್ತೆ ಕರುಣಮ್ಮನವರ ಕೋಳಿ ಸಾರಿನ ವಿಷಯಕ್ಕೆ ಹೋದರೆ ಈ ಪ್ರಬಂಧ ಮುಗಿಯುವುದಿಲ್ಲ. ಆ ವಾಸನೆ ಕೊನೆಯ ಕೀರ್ತನೆ ಹಾಡುವಾಗಲೇ ನನ್ನ ಮೂಗಿಗೆ ಬಂದುಬಿಡುತ್ತಿತ್ತು ಎಂದು ಹೇಳಿ ಬಿಡುತ್ತೇನೆ.

ಹೀಗಿರುವಾಗ ಹರಿಹರದಿಂದ ಒಬ್ಬರು ಹೇಳಿಕಳಿಸಿದರು. ಅಲ್ಲಿ ನಮ್ಮ ಸಭೆಯವರದು ಆಗ ಬೆರಳೆಣಿಕೆಯ ಮನೆಗಳು. ಸಾರಮ್ಮ, ಮರ್ತಮ್ಮ ಎಂದು ಇಬ್ಬರು ಮುದುಕಿಯರು, ಅಕ್ಕತಂಗಿಯರು, ಒಂದು ಹಂಚಿನ ಮನೆಯಲ್ಲಿದ್ದರು. ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಅಡುಗೆ ಮಾಡಿಕೊಂಡೇ ವಯಸ್ಸು ಕಳೆದವರು. ಮದುವೆ ಮಕ್ಕಳು ಅಂತ ಇಲ್ಲ. ಅವರಲ್ಲಿ ತಂಗಿ ಮರ್ತಮ್ಮ ತೀರಿಕೊಂಡಿದ್ದಳು, ಹೊರಲು ಜನ ಸಾಲದು, ದಾವಣಗೆರೆಯಿಂದ ಯಾರಾದರೂ ಬರಬೇಕು. ಮಾವನಿಗೆ ಆ ಮುದುಕಿಯರ ಮುಖಪರಿಚಯ ಅಷ್ಟೇ. ನನಗೆ ಅದೂ ಇಲ್ಲ. ಹೋದೆವು. ಹೊತ್ತೆವು. ಮಣ್ಣು ಮಾಡಿ ಮನೆಗೆ ಬಂದು, ಕೈಕಾಲು ತೊಳೆದು, ಹೊರಡಲು ನಿಂತೆವು.

ಸಾರಮ್ಮ ಹೊಸಿಲಲ್ಲಿ ಕೂತಿದ್ದಳು. ಅಳುತ್ತಿರಲಿಲ್ಲ. ಮಾವನ ಕೈ ಹಿಡಿದುಕೊಂಡು, “ಎಲ್ಲಾರೂ ಹೋಗ್ತೀರಿ. ಇನ್ನ ಈ ಮನೆಗೆ ಯಾರು ಬರ್ತಾರೆ?” ಎಂದಳು. ಮಾವ ಬಾಯಿ ತೆರೆದರು. ಅವರು ಏನು ಹೇಳುತ್ತಾರೆಂದು ನನಗೆ ಗೊತ್ತಿತ್ತು, ಹಾಗಾಗಿ ನಾನು ನೆಲ ನೋಡಿದೆ. ಆದರೆ ಅವರು ‘ಹೋಗ್ತೀನಿ’ ಎನ್ನಲಿಲ್ಲ. “ಐತ್ವಾರ ಬರ್ತೀನಿ” ಎಂದರು.



ಮುಂದಿನ ಆದಿತ್ಯವಾರ ಆರಾಧನೆ ಮುಗಿದದ್ದೇ ಹರಿಹರಕ್ಕೆ ಹೋಗಿ ಬಂದರು. ನಾವೆಲ್ಲ ಊಟಕ್ಕೆ ಕಾಯುತ್ತಿದ್ದೆವು. ತಟ್ಟೆಯ ಮುಂದೆ ಕೂತವರು ಅನ್ನಕ್ಕೆ ಕೈ ಹಾಕದೆ, “ಅಳಿಯಂದ್ರೇ, ನೀವು ಕನ್ನಡ ಮೇಷ್ಟ್ರು. ಒಂದು ಮಾತು ಕೇಳ್ತೀನಿ. ಐತ್ವಾರ ಬರ್ತೀನಿ ಅಂದ್ರೆ ಒಂದು ಐತ್ವಾರನೋ, ಎಲ್ಲಾ ಐತ್ವಾರನೋ?” ಎಂದರು. ಸಾರಮ್ಮನ ನೆರೆಮನೆಯವರು ಅವರನ್ನು ಕಂಡೊಡನೆ, ಐತ್ವಾರ ಐತ್ವಾರ ಬರ್ತಾರಂತಲ್ಲ, ಅವರು ನೀವೇ ಏನ್ರಿ ಎಂದಿದ್ದರಂತೆ.

ನಾನು ಒಂದೇ ಐತ್ವಾರ ಎಂದು ಹೇಳಿ ಊಟ ಮಾಡಬಹುದಿತ್ತು. ಆದರೆ ವಾರವೆಲ್ಲ ಮಕ್ಕಳ ಮುಂದೆ ವ್ಯಾಕರಣ ಹೇಳಿ ಯಾರೂ ಕೇಳಿಸಿಕೊಳ್ಳದ ಮೇಷ್ಟ್ರಿಗೆ, ಕೇಳುವವರೊಬ್ಬರು ಸಿಕ್ಕರೆ ಹಸಿವು ನಿಲ್ಲುತ್ತದೆ. ನೋಡಿ ಮಾವ, ಕನ್ನಡದಲ್ಲಿ ಮುಂದೆ ಆಗುವುದಕ್ಕೂ ಯಾವಾಗಲೂ ಆಗುವುದಕ್ಕೂ ಬಾಯಿಮಾತಿನಲ್ಲಿ ರೂಪ ಒಂದೇ. ‘ಸೂರ್ಯ ಹುಟ್ತಾನೆ’ ಅಂದರೆ ನಾಳೆಯೂ ಹೌದು, ದಿನಾಲೂ ಹೌದು. ಆದ್ದರಿಂದ ಎರಡೂ ಅರ್ಥ ಬರುತ್ತದೆ ಎಂದು ವಿವರಿಸಿದೆ. ಶಾಂತಾ ನನ್ನ ಕಾಲು ತುಳಿದಳು. ತಡವಾಗಿತ್ತು.

“ಎರಡೂ ಬರ್ತೈತೆ” ಎಂದು ಮಾವ ನಿಧಾನವಾಗಿ ಅಂದರು. “ಹಂಗಾದ್ರೆ ಕೇಳಿಸ್ಕಂಡೋರು ಯಾವುದು ಹಿಡಿದ್ರೋ ಅದೇ ಮಾತು. ಹೇಳಿದೋನು ಸಸ್ತಾ ಅರ್ಥ ಆರಿಸ್ಕಬಾರದು.”

ಅಂದಿನಿಂದ ನಮ್ಮ ಆದಿತ್ಯವಾರದ ಊಟ ಸಾಯಂಕಾಲಕ್ಕೆ ಹೋಯಿತು.

ಮಾವ ಹರಿಹರಕ್ಕೆ ಸೈಕಲ್ಲಿನಲ್ಲಿ ಹೋಗುತ್ತಿದ್ದರು. ರೈಲು ಹೇಳಿದ ಹೊತ್ತಿಗೆ ಬರುವುದಿಲ್ಲ. ಬಸ್ಸಿನ ಕಂಡಕ್ಟರು ‘ಈಗ ಬಿಡ್ತೀವಿ’ ಎಂದು ಬಸ್ಸು ತುಂಬುವ ತನಕ ಬಿಡುವುದಿಲ್ಲ. ಅಂಥವರ ಮಾತು ನಂಬಿ ತನ್ನ ಮಾತು ಉಳಿಸಿಕೊಳ್ಳುವುದು ಆಗದ ಕೆಲಸ ಎಂದು ಅವರ ವಾದ. ದಾರಿಯಲ್ಲಿ ಅಮಾವಾಸ್ಯೆಯ ಹೊತ್ತಿಗೆ ಉಕ್ಕಡಗಾತ್ರಿ ಅಜ್ಜಯ್ಯನ ಗದ್ದುಗೆಗೆ ನಡೆದು ಹೋಗುವವರು ಸಿಗುತ್ತಿದ್ದರು. ಅವರಲ್ಲಿ ಒಬ್ಬ, ನಮ್ಮ ಓಣಿಯವನೇ, “ನಂದು ಅಜ್ಜಯ್ಯಗೆ ಹರಕೆ ಐತೆ ಮೇಸ್ತ್ರಿ. ನಿಮ್ಮೋರಾಗ ಹರಕೆ ಇಲ್ಲ ಅಂತೀರಿ, ಮತ್ತೆ ನೀವ್ಯಾಕ ಈ ಬಿಸಲಾಗ?” ಎಂದು ಕೇಳಿದನಂತೆ. “ಮಾತು ಕೊಟ್ಟೀನಿ” ಎಂದರಂತೆ ಮಾವ. “ಅದನ್ನೇ ನಾವು ಹರಕೆ ಅಂತೀವಿ” ಎಂದು ಅವನು ನಡೆದನಂತೆ. ಇದನ್ನು ಮಾವ ಮನೆಯಲ್ಲಿ ಹೇಳಿದಾಗ ಸ್ವಲ್ಪ ಪೆಚ್ಚಾಗಿದ್ದರು.

ಗಂಡಸು ಆದಿತ್ಯವಾರ ತಪ್ಪದೆ ಪರವೂರಿನ ಒಂದು ಮನೆಗೆ ಹೋಗುತ್ತಾನೆ ಎಂದರೆ ಊರು ಸುಮ್ಮನಿರುತ್ತದೆಯೇ? ಗಿರಣಿಯ ಗೇಟಿನೆದುರಿನ ಚಹಾ ಅಂಗಡಿಯಲ್ಲಿ, ‘ಮೇಸ್ತ್ರಿಗೆ ಹರಿಹರದಾಗ ಇನ್ನೊಂದು ಮನೆ ಐತಂತೆ’ ಎಂಬ ಸುದ್ದಿ ಹುಟ್ಟಿತು. ನಮ್ಮ ಅತ್ತೆಯ ಕಿವಿಗೂ ಬಿತ್ತು. ಅತ್ತೆ ಒಂದು ವಾರ ತಾವೂ ಬಸ್ಸು ಹತ್ತಿ ಹರಿಹರಕ್ಕೆ ಹೋಗಿ ಬಂದರು. “ಇನ್ನೊಂದು ಮನೆ ಇರೋದು ಖರೆ. ಹಂಚು ಸೋರ್ತಾವೆ, ಸರಿ ಮಾಡಿಸಿಕೊಡ್ರಿ” ಎಂದರು ಮಾವನಿಗೆ.

ನಾನೂ ಆಗೀಗ ಜೊತೆಗೆ ಹೋಗುತ್ತಿದ್ದೆ. ಸಾರಮ್ಮ ಮೆತ್ತನೆಯ ಮುದುಕಿಯಲ್ಲ. ತಿಂಗಳುಗಟ್ಟಲೆ ತಪ್ಪದೆ ಬಂದ ಮನುಷ್ಯನನ್ನು ಬಾಗಿಲಲ್ಲೇ, “ಓ, ಬಂದ್ರಾ? ಈ ವಾರ ಬರಂಗಿಲ್ಲ ಅನ್ಕಂಡಿದ್ದೆ” ಎಂದು ಎದುರುಗೊಳ್ಳುತ್ತಿದ್ದಳು. ಹಾಗೆ ಅಂದುಕೊಂಡವಳು ಮೊದಲೇ ಅವಲಕ್ಕಿ ಒಗ್ಗರಣೆ ಹಾಕಿಟ್ಟು ಕೂತಿರುತ್ತಿದ್ದಳು ಎನ್ನುವುದು ಬೇರೆ ಮಾತು. ಆಕೆಗೆ ಸಾಯುವ ಭಯವಿರಲಿಲ್ಲ. ಇದ್ದ ಭಯ ಒಂದೇ: ತಂಗಿಯನ್ನು ಹೊರಲು ಪರವೂರಿನಿಂದ ಜನ ಕರೆಸಿದ್ದಾಯಿತು, ತನ್ನ ಹೊತ್ತಿಗೆ ಕರೆಸಲು ತಾನು ಇರುವುದಿಲ್ಲವಲ್ಲ!

“ನನ್ನ ಮಣ್ಣಿಗೆ ಬರ್ತೀರೇನು?” ಎಂದು ಒಂದು ದಿನ ನನ್ನ ಎದುರಿಗೇ ಮಾವನನ್ನು ಕೇಳಿದಳು.

“ನೋಡೋಣ” ಎಂದರು ಮಾವ.

“ನೋಡಾಕ ನಾನು ಇರ್ತೀನೇನು? ಬರ್ತೀನಿ ಅನ್ರಿ.”

“ನಾಳಿನ ದಿನ ನನ್ನ ಕೈಯಾಗಿಲ್ಲ ಸಾರಮ್ಮ. ನಾನೇ ಮೊದಲು ಹೋದ್ರೆ ಮಾತು ಸುಳ್ಳಾಗುತ್ತೆ.”

“ಎಂಬತ್ತರ ಮುದುಕಿಗಿಂತ ಮೊದಲು ನೀವು ಹೆಂಗೆ ಹೋಗ್ತೀರಿ? ನಿಮ್ಮ ಸಭೆಯೋರೆಲ್ಲ ಬರ್ತೀವಿ ಬರ್ತೀವಿ ಅಂದಾರೆ. ಅವರ ಬರ್ತೀವಿ ನನಗೆ ಗೊತ್ತೈತೆ, ಅದು ಎದ್ದು ಹೋಗಾಕ ಹೇಳೋ ಮಾತು. ನಿಮ್ಮದು ಒಂದು ಬೇಕು.”

ಮಾವ ಕೊಡಲಿಲ್ಲ. ಆಕೆ ಬಿಡಲಿಲ್ಲ. ವಾರವಾರವೂ ಅವಲಕ್ಕಿಯ ಜೊತೆ ಈ ಪ್ರಶ್ನೆಯನ್ನೂ ಮುಂದಿಡುತ್ತಿದ್ದಳು. ಮಾವ ಹಿಂದಿರುಗುವಾಗ ಬಹಳ ದಣಿದಿರುತ್ತಿದ್ದರು, ಅದು ಸೈಕಲ್ಲಿನ ದಣಿವಲ್ಲ. ಕೊನೆಗೆ ನಮ್ಮ ಚರ್ಚಿನ ಪಾದ್ರಿ ಅಯ್ಯನೋರ ಮುಂದೆ ಹೇಳಿಕೊಂಡರು. ಅಯ್ಯನೋರು ಸುಲಭದ ದಾರಿ ತೋರಿಸಿದರು: ದೇವರ ಚಿತ್ತವಿದ್ದರೆ ಬರ್ತೀನಿ ಅಂದುಬಿಡಿ ದೇವದಾನಪ್ಪನವರೇ, ಅದರಲ್ಲಿ ಸುಳ್ಳಿಲ್ಲ. ಮಾವ ಒಪ್ಪಲಿಲ್ಲ.

“ಹಂಗಂದು ನಾನು ಹೋಗದೆ ಇದ್ರೆ ತಪ್ಪು ದೇವರ ತಲೆಗೆ ಬೀಳ್ತೈತಲ್ರಿ. ನನ್ನ ಮಾತಿಗೆ ಆತನನ್ನ ಜಾಮೀನು ನಿಲ್ಲಿಸಾಕ ನಾನ್ಯಾರು?” ಎಂದರು.

ಅಯ್ಯನೋರು ಆ ಮೇಲೆ ಮಾವನಿಗೆ ಸಲಹೆ ಕೊಟ್ಟದ್ದು ನನಗೆ ನೆನಪಿಲ್ಲ.

ಒಂದು ಮಳೆಗಾಲ ಸಾರಮ್ಮನಿಗೆ ಜ್ವರ ಬಂತು. ಗುಣವಾಗುವ ಲಕ್ಷಣ ಕಾಣಲಿಲ್ಲ. ಮಾವ, ಆದಿತ್ಯವಾರವಲ್ಲದಿದ್ದರೂ, ಗಿರಣಿಗೆ ರಜೆ ಹಾಕಿ ನನ್ನನ್ನು ಕರೆದುಕೊಂಡು ಹೋದರು. ಮುದುಕಿ ಕಣ್ಣು ಬಿಟ್ಟು ನೋಡಿದಳು. ಅವತ್ತು ಕೇಳಲಿಲ್ಲ, ಸುಮ್ಮನೆ ನೋಡಿದಳು. ಕೇಳಿದ್ದರೆ ಮಾವ ತಡೆದುಕೊಳ್ಳುತ್ತಿದ್ದರೋ ಏನೋ. ಚಾಪೆಯ ಪಕ್ಕ ಕುಕ್ಕರುಗಾಲಿನಲ್ಲಿ ಕೂತು, “ಮಣ್ಣಿಗೆ ಬರ್ತೀನಿ ಸಾರಮ್ಮ” ಎಂದರು. ಯಾವ ಷರತ್ತೂ ಇಲ್ಲ, ಬಾಲಂಗೋಚಿಯೂ ಇಲ್ಲ. ಸಾರಮ್ಮ ಕಣ್ಣು ಮುಚ್ಚಿಕೊಂಡಳು. ಮರುವಾರ ಎದ್ದು ಓಡಾಡುತ್ತಿದ್ದಳು. ಮಾತು ಕೈಗೆ ಸಿಕ್ಕ ಮೇಲೆ ಸಾಯುವ ಅವಸರ ಆಕೆಗೆ ಉಳಿಯಲಿಲ್ಲ.

ಹಾಸಿಗೆ ಹಿಡಿದವರು ಮಾವ. ಇಪ್ಪತ್ತು ಮೂವತ್ತು ವರ್ಷ ನುಂಗಿದ ಹತ್ತಿಯ ಧೂಳು ಎದೆಯಲ್ಲಿ ಕೂತಿತ್ತು. ಸೈಕಲ್ಲು ನಿಂತಿತು, ಬಸ್ಸಾಯಿತು, ಬಸ್ಸೂ ನಿಂತಿತು. ಹೋಗಲಾಗದ ಮೊದಲ ಆದಿತ್ಯವಾರ ನಾನು ನಿಮ್ಮ ಬದಲು ಹೋಗುತ್ತೇನೆ ಎಂದೆ. “ಹೋಗ್ರಿ, ಒಳ್ಳೇದು. ಆದ್ರೆ ನೀವು ಹೋದ್ರೆ ನೀವು ಹೋದಂಗಾತು, ನಾನು ಹೋದಂಗಲ್ಲ. ಅದನ್ನ ಆಕೆಗೆ ಹೇಳಿ ಬರ್ರಿ” ಎಂದರು. ಹೇಳಿದೆ. ಸಾರಮ್ಮ ಅವಲಕ್ಕಿಯ ತಟ್ಟೆಯನ್ನು ನನ್ನ ಮುಂದಿಟ್ಟಳು. ಆ ಮೇಲೆ, “ಐತ್ವಾರಗಳನ್ನೆಲ್ಲ ಮಾಫಿ ಮಾಡೀನಿ ಅಂತ ಹೇಳಪ್ಪ. ಮಣ್ಣಿಂದು ಮಾತ್ರ ಮಾಫಿ ಇಲ್ಲ. ಅದಕ್ಕಾದ್ರೂ ಎದ್ದು ಕೂಡ್ರಲಿ” ಎಂದಳು.

ಮಾವನಿಗೆ ಹಾಗೆಯೇ ಹೇಳಿದೆ. ಅವರು ನಗಲಿಲ್ಲ. ತಾವು ಏಳುವುದಿಲ್ಲ ಎನ್ನುವುದು ಅವರಿಗೆ ಗೊತ್ತಿತ್ತು. ಎರಡು ದಿನ ಸೂರು ನೋಡುತ್ತ ಮಲಗಿದ್ದರು. ಮೂರನೆಯ ದಿನ ಅತ್ತೆಯನ್ನೂ ನನ್ನನ್ನೂ ಕರೆದು, ತಮ್ಮನ್ನು ಹರಿಹರದಲ್ಲಿ ಮಣ್ಣು ಮಾಡಬೇಕು ಎಂದರು.

“ನಾನು ಇಲ್ಲಿ ಮಲಗಿದ್ರೆ ಆಕೆ ಮಣ್ಣಿಗೆ ಎದ್ದು ಹೋಗಾಕ ಆಗಲ್ಲ. ಅಲ್ಲೇ ಮಲಗಿದ್ರೆ ಆಕೆ ಬಂದಾಗ ಇರ್ತೀನಿ. ಕಡೇ ದಿನ ದೇವರು ಎಬ್ಬಿಸ್ತಾನೆ, ಅದು ಆತನ ಕೆಲಸ. ಅಲ್ಲೀತನಕ ಎಲ್ಲಿ ಮಲಗಬೇಕು ಅನ್ನೋದು ನನ್ನ ಜವಾಬ್ದಾರಿ.”

ಅತ್ತೆ ಎಂದೂ ಎತ್ತರದ ದನಿಯಲ್ಲಿ ಮಾತಾಡಿದವರಲ್ಲ. ಅವತ್ತು ಕೂಗಿದರು. “ಇಷ್ಟು ವರ್ಷ ಬಾಳಿ ನನ್ನ ಬಿಟ್ಟು ಹರಿಹರಕ್ಕೆ ಹೋಗ್ತೀರಾ? ನೆಂಟರಲ್ಲ ಇಷ್ಟರಲ್ಲ, ಆ ಮುದುಕಿಗೆ ಕೊಟ್ಟ ಮಾತು ದೊಡ್ಡದಾತು, ನನಗೆ ಏನು ಕೊಟ್ರಿ?” ನನಗೆ ಅತ್ತೆಯ ಮಾತೇ ನ್ಯಾಯ ಎನಿಸಿತು. ಈಗಲೂ ಅರ್ಧ ಹಾಗೇ ಅನಿಸುತ್ತದೆ. ಮಾವ ಅವರ ಕೈ ಹಿಡಿದುಕೊಂಡು ಬಹಳ ಹೊತ್ತು ಕೆಮ್ಮಿದರು. “ನೀನೂ ಅಲ್ಲಿಗೇ ಬಾ. ಪಕ್ಕದಾಗ ಜಾಗ ಬಿಡಿಸ್ತೀನಿ. ಆದ್ರೆ ನಿನ್ನ ಕರ್ಕಂಡು ಬರೋ ಮಾತು ನಾನು ಕೊಡಾಕ ಬರಲ್ಲ, ಅಷ್ಟೊತ್ತಿಗೆ ಇರಲ್ಲ. ಅಳಿಯಂದ್ರು ಕೊಡಬೇಕು” ಎಂದರು.

ಇಬ್ಬರೂ ನನ್ನ ಕಡೆ ನೋಡಿದರು. ಜೀವಮಾನದಲ್ಲಿ ನಾನು ಎಷ್ಟೋ ಮಾತು ಕೊಟ್ಟಿದ್ದೇನೆ. ಕೊಡುವ ಮೊದಲು ಅಳೆದು ನೋಡಿದ್ದು ಅದೊಂದನ್ನೇ. “ತರ್ತೀನಿ ಮಾವ” ಎಂದೆ.

ಆ ತಿಂಗಳಲ್ಲೇ ಮಾವ ತೀರಿಕೊಂಡರು. ಹರಿಹರಕ್ಕೆ ಒಯ್ದೆವು. ಗಿರಣಿಯವರು ಒಂದು ಲಾರಿ ತುಂಬ ಬಂದಿದ್ದರು. ಹರಿಹರದ ‘ಇನ್ನೊಂದು ಮನೆ’ ನಾವು ಅವತ್ತೇ ಹೇಳಿರಲಿಲ್ಲವೇ ಎಂದು ಕೆಲವರು ಒಬ್ಬರ ಮುಖ ಒಬ್ಬರು ನೋಡಿದ್ದನ್ನೂ ಕಂಡೆ. ಸಾರಮ್ಮ ಕೋಲೂರಿಕೊಂಡು ಬಂದು ಗುಂಡಿಯ ಪಕ್ಕ ನಿಂತಿದ್ದಳು. ನಾವು ಒಬ್ಬೊಬ್ಬರೇ ಮಣ್ಣು ಹಾಕಿ ಸರಿದ ಮೇಲೆ ಆಕೆಯೂ ಒಂದು ಹಿಡಿ ಹಾಕಿದಳು.

“ಮಣ್ಣಿಗೆ ಬರ್ತೀನಿ ಅಂದಿದ್ರು, ಬಂದ್ರು” ಎಂದಳು. “ನಂದೇ ತಡ ಆತು.”

ಅಲ್ಲಿಯ ತನಕ ಕಲ್ಲಿನ ಹಾಗಿದ್ದ ಅತ್ತೆ ಆಗ ಆಕೆಯ ಹೆಗಲಿಗೆ ತಲೆಯಿಟ್ಟು ಅತ್ತರು. ನನಗೂ ಅಳು ಬಂತು. ಆ ಮನುಷ್ಯನನ್ನು ನಾನು ಅಷ್ಟು ಪ್ರೀತಿಸುತ್ತಿದ್ದೆ ಎಂದು ಅಲ್ಲಿಯ ತನಕ ನನಗೆ ತಿಳಿದಿರಲಿಲ್ಲ.

ಮರುವರ್ಷ ಸಾರಮ್ಮ ಹೋದಳು. ನಾವು ಹೊತ್ತು ತಂದಾಗ ಮಾವ ಅಲ್ಲಿದ್ದರು. ಎಷ್ಟೋ ವರ್ಷಗಳ ಮೇಲೆ ಅತ್ತೆಯನ್ನೂ ತಂದೆ.

ಇನ್ನು ಮೆಕ್ಯಾನಿಕ್‌ನ ವಿಚಾರ. ಭಾನುವಾರ ಬೆಳಿಗ್ಗೆ ನಾವಿಬ್ಬರೂ ಹರಿಹರಕ್ಕೆ ಹೊರಟು ನಿಂತಿದ್ದಾಗ ವಾಷರ್ ಹಿಡಿದುಕೊಂಡು ಬಂದೇಬಿಟ್ಟ. ಒಲೆ ಹತ್ತಿತು. ಹೊರಡುವಾಗ ಬಾಗಿಲಲ್ಲಿ ನಿಂತು, ನನ್ನ ಮುಖ ನೋಡಿ, ಎಚ್ಚರಿಕೆಯಿಂದ, “ಹೋಗ್ತೀನಿ ಸರ್” ಎಂದ. ಎಂಬತ್ತು ದಾಟಿದವರ ಮನೆಯಲ್ಲಿ ಅನ್ನುವ ಮಾತೇ ಅದು? “ಹಂಗನ್ನಬಾರದಪ್ಪ, ಬರ್ತೀನಿ ಅನ್ನು” ಎಂದೆ. ಅವನು ಎರಡನ್ನೂ ಅನ್ನದೆ ಹೋದ.

ಹರಿಹರದ ಸ್ಮಶಾನದಲ್ಲಿ ಮಾವ, ಪಕ್ಕದಲ್ಲಿ ಅತ್ತೆ, ಸ್ವಲ್ಪ ಆಚೆಗೆ ಸಾರಮ್ಮ. ಹುಲ್ಲು ಕಿತ್ತು, ಹೂವಿಟ್ಟು, ಪ್ರಾರ್ಥನೆ ಮಾಡಿ ಎದ್ದೆವು. ಇಷ್ಟು ವರ್ಷವೂ ಗೇಟಿನಲ್ಲಿ ತಿರುಗಿ ನಿಂತು ನಾನು ‘ಹೋಗ್ತೀನಿ ಮಾವ’ ಎನ್ನುತ್ತಿದ್ದೆ. ಅವರಿಗೆ ಸಲ್ಲಿಸುವ ಮರ್ಯಾದೆ ಎಂದು ಶಾಂತಾಗೆ ಹೇಳುತ್ತಿದ್ದೆ. ನಿಜ ಹೇಳಿದರೆ ಭಯ. ಬೇರೆಡೆ ‘ಬರ್ತೀನಿ’ ಎಂಬುದಕ್ಕೆ ನೂರು ಅರ್ಥ. ಅಲ್ಲಿ ನಿಂತು ಅಂದರೆ ಒಂದೇ. ಈ ಸಲ ಬಾಯಿಗೆ “ಬರ್ತೀನಿ ಮಾವ” ಎಂದೇ ಬಂತು. ಬಂದ ಮೇಲೂ ಭಯವಾಗಲಿಲ್ಲ.

ಗೇಟಿನ ಅಗುಳಿ ಹಾಕುತ್ತಿದ್ದ ಶಾಂತಾ ತಿರುಗಿ, “ಯಾವಾಗ?” ಎಂದಳು.

“ದಿನ ನನ್ನ ಕೈಯಾಗಿಲ್ಲ. ಬರೋದು ಖರೆ.”

ಅವಳು ಹಾಕಿದ ಅಗುಳಿಯನ್ನು ಮತ್ತೆ ತೆಗೆದಳು. “ಹಂಗಾದ್ರೆ ಒಬ್ಬರೇ ಬರ್ತೀನಿ ಅನ್ನಬ್ಯಾಡ್ರಿ. ಬರ್ತೀವಿ ಅನ್ರಿ.”

ಒಬ್ಬರ ಮಾತನ್ನು ಇನ್ನೊಬ್ಬರು ಕೊಡುವಂತಿಲ್ಲವಲ್ಲ. ಹಾಗಾಗಿ ಇಬ್ಬರೂ ಒಳಗೆ ಹೋಗಿ ನಿಂತು, ಕೂಡಿಯೇ ಅಂದೆವು.